ಮದುವೆಗೆ ಮುಂಚಿನ ಸೂತಕ

ನಮ್ಮಜ್ಜಿಯನ್ನು ಯಾರಾದರೂ ತ್ಯಾಗಮಯಿ ಎಂದರೆ ನನಗೆ ಹೇಸಿಗೆಯಾಗುತ್ತದೆ. ತಿಥಿಯ ದಿನ ಚಿಕ್ಕಪ್ಪ ಬೀದಿಯ ಮೂಲೆಯಲ್ಲಿ ಕಟ್ಟಿಸಿದ್ದ ಫ್ಲೆಕ್ಸಿನಲ್ಲಿ ಅವಳ ಫೋಟೊದ ಕೆಳಗೆ ಕೆಂಪಕ್ಷರದಲ್ಲಿ ಅದೇ ಮಾತಿತ್ತು. ಸುತ್ತ ಗುಲಾಬಿ ಹೂವು, ಮೇಲೆ ಎರಡು ಬಿಳಿ ಪಾರಿವಾಳ. ಮೂಗಿನ ಪಕ್ಕದ ನರೂಲಿಯನ್ನು ಕಂಪ್ಯೂಟರಿನಲ್ಲಿ ಅಳಿಸಿ, ಮುಖಕ್ಕೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡಿಸಿದ್ದರು. ಅದು ಯಾರ ಅಜ್ಜಿಯೋ ನನಗೆ ಗೊತ್ತಾಗಲಿಲ್ಲ. ನಮ್ಮಜ್ಜಿಯಂತೂ ಅಲ್ಲ.

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ಮುಂಭಾಗದಲ್ಲಿ ಪವರ್‌ಲೂಮುಗಳು, ಹಿಂದೆ ಅಡುಗೆಮನೆ, ನಡುವಿನ ಒಂದೇ ಕೋಣೆಯಲ್ಲಿ ನಾವೆಲ್ಲ. ಅಪ್ಪ ಅಮ್ಮ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಸಾಕಿದವಳು ಅಜ್ಜಿಯೇ. ಮಗ್ಗಗಳು ಓಡುತ್ತಿದ್ದರೆ ಕಿವಿಯ ಹತ್ತಿರ ಬಂದು ಕಿರುಚಿದರೂ ಕೇಳಿಸದು. ಹಾಗಾಗಿ ನಾವು ದನಿ ತೆಗೆಯದೆ ತುಟಿ ಆಡಿಸಿಯೇ ಮಾತಾಡುತ್ತಿದ್ದೆವು. ಅಜ್ಜಿ ಮೂಲೆಯಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಲೇ ಇಡೀ ಮನೆಯನ್ನು ವಿಚಾರಿಸಿಕೊಳ್ಳುತ್ತಿದ್ದಳು. ನಾನು ಸ್ಕೂಲಿನಿಂದ ಬಂದು ಹೊಸ್ತಿಲಲ್ಲಿ ನಿಂತರೆ ಆ ತುದಿಯಿಂದಲೇ, 'ಯಾಕೆ ಮೊಕ ಬಾಡೋಗದೆ? ಯಾರ್ ಏನಂದ್ರು?' ಎಂದು ಅವಳ ತುಟಿ ಕೇಳುತ್ತಿತ್ತು. ನಾನು ಇಲ್ಲಿಂದಲೇ ಹೇಳಿಕೊಂಡು ಅಳುತ್ತಿದ್ದೆ. ಮಗ್ಗದ ಸದ್ದಿನಲ್ಲೇ ಕೂತೂ ಕೂತೂ ಅವಳ ಕಿವಿ ಪೂರ್ತಿ ಹೋಯಿತು. ಅದು ಯಾವಾಗ ಹೋಯಿತೆಂದು ನಮಗೆ ತಿಳಿಯಲೇ ಇಲ್ಲ, ಯಾಕೆಂದರೆ ಅವಳು ಯಾವ ಮಾತಿಗೂ ತಪ್ಪು ಉತ್ತರ ಕೊಟ್ಟವಳಲ್ಲ.

ಚಿಕ್ಕಪ್ಪನೆಂದರೆ ಅವಳಿಗೆ ಪ್ರಾಣ. ಅವನಿಗೆ ಟೈಫಾಯ್ಡ್ ಆಗಿದ್ದಾಗ ಅವನ ವಾಂತಿಯನ್ನು ಬೊಗಸೆಯಲ್ಲಿ ಹಿಡಿದವಳು ಅವಳು. ನನಗೆ ಓಕರಿಕೆ ಬಂದು ಆಚೆ ಓಡಿದರೆ, 'ಮಕ್ಕಳದ್ದು ಹೇಸಿಗೆ ಅಲ್ಲ ಕಣೇ' ಎಂದು ನಕ್ಕಿದ್ದಳು. ಹೇಸಿಗೆ ಯಾವುದೆಂದು ಅವಳಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅವಳು ಹಾಸಿಗೆ ಹಿಡಿದಾಗ ಚಿಕ್ಕಪ್ಪನ ಮಗಳ ಮದುವೆ ಗೊತ್ತಾಗಿ, ಛತ್ರ ಹಿಡಿದಾಗಿತ್ತು. ಡಾಕ್ಟರು, 'ಮನೆಗೆ ಕರ್ಕೊಂಡೋಗಿ, ಗಂಜಿ ಕುಡಿಯೋವರೆಗೂ ಇರ್ತಾರೆ' ಎಂದರು. ನಾನು ನೆಲಮಂಗಲದ ಗಂಡನ ಮನೆಯಿಂದ ಬಂದು ಅವಳ ಪಕ್ಕದಲ್ಲಿ ಕೂತೆ. ಅವಳಿಗೆ ಒಂದೇ ಆಸೆ ಇತ್ತು, ಮೊಮ್ಮಗಳ ಧಾರೆ ನೋಡಬೇಕು. ಆ ಆಸೆಗೇ ರಾಗಿ ಗಂಜಿಯನ್ನು ಚಮಚ ಚಮಚವಾಗಿ, ಕಷ್ಟಪಟ್ಟು, ಬಿಡದೆ ಕುಡಿಯುತ್ತಿದ್ದಳು. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡಾದರೂ ಹೋಗಿ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು.

ಒಂದು ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳು ನಿಂತಿದ್ದವು. ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಒಳಗೆ ಬಂದರು. ಚಿಕ್ಕಪ್ಪ ಮಂಚದ ಮೇಲೆ ಅಜ್ಜಿಯ ಕಾಲ ಬಳಿ ಕೂತ.

'ಈ ವಾರ ಹೋದ್ರೆ ಸೂತಕ ಕಳ್ದು ಮದ್ವೆ ಮಾಡ್ಬಹುದು. ಅದು ಬಿಟ್ಟು ಮುಂದಿನ್ ವಾರ ಏನಾದ್ರೂ ಆದ್ರೆ ಮದ್ವೆ ನಿಂತೋಯ್ತದೆ. ಗಂಡಿನ ಕಡೆಯೋರು ಮೊದ್ಲೇ ಮೂಗು ಮುರೀತಾವ್ರೆ' ಎಂದ.

'ಮುಗಿಯೋವರ್ಗೂ ಇದ್ರೂ ಪರವಾಗಿಲ್ಲ ಕಣ್ರೀ. ಮಧ್ಯದಲ್ಲಿ ಹೋದ್ರೇನೇ ತೊಂದ್ರೆ' ಎಂದಳು ಚಿಕ್ಕಮ್ಮ, ಗ್ಯಾಸ್ ಸಿಲಿಂಡರ್ ಯಾವಾಗ ಖಾಲಿಯಾದೀತು ಎಂದು ಯೋಚಿಸುವವಳ ಹಾಗೆ.

ನನ್ನ ಮೈ ಉರಿದುಹೋಯಿತು. 'ಆಚೆ ಹೋಗಿ ಮಾತಾಡ್ಕೊಳ್ಳಿ' ಎಂದೆ.

'ಅಯ್ಯೋ, ಅವ್ರಿಗೆಲ್ಲಿ ಕೇಳಿಸ್ತದೆ ಬಿಡೇ' ಎಂದಳು ಚಿಕ್ಕಮ್ಮ. ಅವಳು ಮಗ್ಗವಿಲ್ಲದ ಮನೆಯಿಂದ ಬಂದವಳು. ನಮ್ಮ ತುಟಿಮಾತು ಅವಳಿಗೆ ಕೊನೆಗೂ ಹತ್ತಲಿಲ್ಲ. ಚಿಕ್ಕಪ್ಪ ಮಾತ್ರ ಎದ್ದು ಹೋಗಲಿಲ್ಲ. ಅದೇ ಮಾತನ್ನು ಇನ್ನೊಮ್ಮೆ, ನಿಧಾನವಾಗಿ ಆಡಿದ. ಅಜ್ಜಿಯ ಕಣ್ಣು ಅವನ ಬಾಯಿಯ ಮೇಲೇ ಇತ್ತು.

ಮಾರನೆಯ ಬೆಳಿಗ್ಗೆ ಗಂಜಿ ಹಿಡಿದರೆ ಅವಳು ಬಾಯಿ ತೆರೆಯಲಿಲ್ಲ. ಗಂಜಿ ಗದ್ದದ ಮೇಲೆ ಇಳಿದು ಕುತ್ತಿಗೆಗೆ ಹರಿಯಿತು. ಒರೆಸಿ ಮತ್ತೆ ಹಿಡಿದೆ. ಆಗ ಅವಳ ತುಟಿ ಅಲ್ಲಾಡಿತು, ದನಿಯಿರಲಿಲ್ಲ.

'ಬ್ಯಾಡ ಮಗಾ. ಮದ್ವೆ ನಿಲ್ಲಬಾರ್ದು.'

'ಧಾರೆ ನೋಡ್ಬೇಕು ಅಂದಿದ್ದೆ ನೀನು' ಎಂದೆ.

'ನೀವೆಲ್ಲ ನೋಡ್ತೀರಲ್ಲ.'

ಬೇಡಿಕೊಂಡೆ, ಗದರಿದೆ, ನನ್ನ ಮೇಲೆ ಆಣೆ ಇಟ್ಟೆ. ಹಲ್ಲು ಕಚ್ಚಿಕೊಂಡು ಮಲಗಿದಳು. ಆಗ ನನಗೆ ಅವಳ ಮೇಲೂ ಅಸಹ್ಯವಾಯಿತು, ಸುಳ್ಳು ಯಾಕೆ ಹೇಳಲಿ. ಇಂಥವರಿಗೋಸ್ಕರ ಹಸಿದು ಸಾಯುವ ಪ್ರೀತಿಯೂ ಒಂದು ಪ್ರೀತಿಯೇ? ಚಿಕ್ಕಪ್ಪನಿಗೆ ಹೋಗಿ ಹೇಳಿದರೆ, 'ವಯಸ್ಸಾಯ್ತಲ್ಲಮ್ಮ, ಬಲವಂತ ಮಾಡ್ಬೇಡ' ಎಂದು ಲಗ್ನಪತ್ರಿಕೆ ಹಂಚಲು ಹೊರಟ. ಅವಳು ಆ ವಾರವೇ ತೀರಿಕೊಂಡಳು.

ಸೂತಕ ಕಳೆಯಿತು. ಮನೆ ತೊಳೆದು ಬಾಗಿಲಿಗೆ ಮಾವಿನೆಲೆ ಕಟ್ಟಿದರು. ಮದುವೆ ಜೋರಾಗಿಯೇ ನಡೆಯಿತು. ಊಟದ ಪಂಕ್ತಿಯಲ್ಲಿ ಚಿಕ್ಕಪ್ಪ ರೇಷ್ಮೆ ಪಂಚೆಯುಟ್ಟು ಎಲ್ಲರನ್ನೂ ವಿಚಾರಿಸುತ್ತ ಬಂದ. ನನ್ನ ಪಕ್ಕದಲ್ಲಿ ಕೂತಿದ್ದ ಬೀಗರ ಕಡೆಯ ಹಿರಿಯರೊಬ್ಬರಿಗೆ, 'ನಮ್ಮಮ್ಮ ಪುಣ್ಯಾತ್ಗಿತ್ತಿ ಸಾರ್. ಯಾರಿಗೂ ತೊಂದ್ರೆ ಕೊಡ್ದಂಗೆ, ಟೈಮಿಗೆ ಸರಿಯಾಗಿ ಹೋದ್ಲು' ಎಂದು ಕಣ್ಣೊರೆಸಿಕೊಂಡ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನಾನು ಎಲೆಯಿಂದ ಕೈ ತೆಗೆದೆ.

ಆ ಹಿರಿಯರು ಕೈತೊಳೆಯಲು ಎದ್ದ ಮೇಲೆ ತಡೆಯಲಾರದೆ ಹೇಳಿಬಿಟ್ಟೆ. 'ಚಿಕ್ಕಪ್ಪಾ, ಅವತ್ತು ನೀವು ಆಡಿದ್ದೆಲ್ಲ ಅಜ್ಜಿಗೆ ಗೊತ್ತಾಗಿತ್ತು. ನಿಮ್ಮ ತುಟಿ ನೋಡ್ತಾ ಇದ್ಲು.'

ಅವನು ಕುಸಿಯುತ್ತಾನೆ ಎಂದುಕೊಂಡಿದ್ದೆ. ಅವನು ಬಗ್ಗಿ ನನ್ನ ತಲೆಯ ಮೇಲೆ ಕೈಯಿಟ್ಟ.

'ಗೊತ್ತು ಕಣಮ್ಮ. ನಾನೂ ಅವ್ಳ ತುಟಿ ನೋಡ್ಕೊಂಡೇ ಬೆಳ್ದೋನಲ್ವಾ? ಬಾಯ್ಬಿಟ್ಟು ಕೇಳೋಕೆ ನಂಗೆ ನಾಲಿಗೆ ಬರ್ಲಿಲ್ಲ. ಅದಕ್ಕೇ ಎದುರಿಗೆ ಕೂತು ಹೇಳ್ದೆ. ಮನೆಗೋಸ್ಕರ ಅಂದ್ರೆ ಅಮ್ಮ ಯಾವತ್ತು ಇಲ್ಲ ಅಂದವ್ಳೆ?'

ಅಷ್ಟು ಹೇಳಿ ಬಡಿಸುವವನನ್ನು ಕರೆದು, ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿಸಿದ.