ಲೈಸೆನ್ಸಿನ ಕೆಳಗಿನ ಮೊಳೆ

ಜಮಖಂಡಿಯ ಬಾರಿನಲ್ಲಿ ನಾನು ಸಪ್ಲೈಯರ್ ಆಗಿ ಸೇರಿದ ದಿನ ಮಾಲೀಕರು ಮೊದಲು ತೋರಿಸಿದ್ದು ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಗೆ ಹಾಕಿದ್ದ ಲೈಸೆನ್ಸನ್ನು. ಅದಕ್ಕೆ ಗಾಜಿನ ಚೌಕಟ್ಟು, ದಿನಾ ಸಂಜೆ ಊದಿನಕಡ್ಡಿ. ಪಕ್ಕದ ಲಕ್ಷ್ಮಿ ಫೋಟೋಕ್ಕಿಂತ ಅದಕ್ಕೇ ಭಕ್ತಿ ಹೆಚ್ಚು.

"ಇದು ಹೋತಂದ್ರ ನಾನೂ ಮನಿಗೆ, ನೀನೂ ಮನಿಗೆ," ಎಂದರು.

ಇಪ್ಪತ್ತೊಂದು ತುಂಬದವರಿಗೆ ಕೊಡುವಂತಿಲ್ಲ. ನಿಶೆ ಏರಿದವನಿಗೆ ಮತ್ತೆ ಕೊಡುವಂತಿಲ್ಲ. ಮತದಾನದ ಹೊತ್ತಿನಲ್ಲಿ, ಗಾಂಧಿ ಜಯಂತಿಯಂದು ಶಟರ್ ಎತ್ತುವಂತಿಲ್ಲ. ಇವು ಸರ್ಕಾರದ ಕಟ್ಟಳೆ. ಮಾಲೀಕರದು ಇನ್ನೊಂದಿತ್ತು: ಬೈಕಿನಲ್ಲಿ ಬಂದವನಿಗೆ ಹೆಚ್ಚಾಯಿತೆಂದರೆ ಕೀಲಿ ಇಸಿದುಕೊಂಡು ಲೈಸೆನ್ಸಿನ ಕೆಳಗಿನ ಮೊಳೆಗೆ ಹಾಕಬೇಕು, ಮರುದಿನ ಬಂದು ಒಯ್ಯಲಿ. ಕಬ್ಬಿನ ಹಂಗಾಮಿನಲ್ಲಿ ನಮ್ಮ ರಸ್ತೆಗಳು ಗೊತ್ತಲ್ಲ, ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು, ಹಿಂದೆ ದೀಪವಿಲ್ಲ, ಹಾಡು ಮಾತ್ರ ಜೋರು. ಈ ಮೊಳೆಯ ದೆಸೆಯಿಂದ ನಾನು ತಿಂದ ಬೈಗುಳ ಅಷ್ಟಿಷ್ಟಲ್ಲ. ಆದರೂ ಆ ಕೆಲಸ ನನಗೆ ಸೇರುತ್ತಿತ್ತು, ಈಗಲೂ ಸೇರುತ್ತದೆ.

ಸೇರದಿದ್ದುದು ಹೆಣ್ಣು ಹೆತ್ತವರಿಗೆ. ಬೀಳಗಿಯಲ್ಲಿ ಅಪ್ಪನ ಸೀರೆ ಅಂಗಡಿ ಇದ್ದರೂ, ಹುಡುಗ ಬಾರಿನಲ್ಲಿದ್ದಾನೆ ಅಂದ ಕೂಡಲೇ ಮಾತು ಮುರಿದುಬೀಳುತ್ತಿತ್ತು. ಕಡೆಗೆ ನಮ್ಮ ಸೋದರತ್ತೆ ರಬಕವಿಯ ನೇಕಾರರ ಮನೆಯೊಂದರ ಹುಡುಗಿಯ ಸುದ್ದಿ ತಂದಳು. ಅವಳನ್ನು ನಾನು ಒಂದು ಮದುವೆಯಲ್ಲಿ ನೋಡಿದ್ದೆ. ಗಂಡಸರ ಪಂಕ್ತಿಗೇ ಮತ್ತೆ ಮತ್ತೆ ಹೋಳಿಗೆ ಒಯ್ಯುತ್ತಿದ್ದವನ ಕೈಯಿಂದ ಬುಟ್ಟಿ ಕಸಿದುಕೊಂಡು ಹೆಂಗಸರ ಕಡೆ ನಡೆದಿದ್ದಳು. ಬಡಿಸುವ ಕಸುಬಿನವನು ನಾನು, ಅಲ್ಲೇ ಸೋತುಹೋದೆ.

"ಬಾರ್ ಅನಬ್ಯಾಡ, ಹೋಟೆಲ್ ಅನ್ನು," ಎಂದು ಅತ್ತೆ ಗೋಗರೆದಳು.

"ಸುಳ್ಳು ಹೇಳಿ ಲಗ್ನಾ ಆಗೂದಿಲ್ಲ," ಎಂದು ಹಟ ಹಿಡಿದೆ. ಹುಡುಗಿ ಬೇಕೇ ಬೇಕು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಅದೇ ವಾರ ಬಾರಿಗೆ ಒಬ್ಬರು ಹಿರಿಯರು ಬಂದರು. ಬಿಳಿ ಟೋಪಿ, ಬೈಕಿನ ಕೀಲಿಗೆ ಅಂಗೈಯಷ್ಟೂ ಇಲ್ಲದ ಮರದ ಲಾಳಿ ಕಟ್ಟಿತ್ತು. ಮಗ್ಗದವರು ಎಂದು ತಿಳಿಯಿತು. ಊರಲ್ಲಿ ಪರಿಚಯದವರ ಕಣ್ಣಿಗೆ ಬೀಳಬಾರದೆಂದು ಇಷ್ಟು ದೂರ ಬರುವವರು ನಮ್ಮಲ್ಲಿ ಬಹಳ. ಅವರು ಶೇಂಗಾವನ್ನು ಬಾಯಿಗೆ ಹಾಕುವ ಬದಲು ಅಂಗಿಯ ಜೇಬಿಗೆ ಹಾಕತೊಡಗಿದಾಗ ನಾನು ಗ್ಲಾಸು ಎತ್ತಿದೆ.

"ಇನ್ನೊಂದು ತಾ."

"ಸಾಕ್ರಿ ಕಾಕಾ. ಏರಿದವರಿಗೆ ಮತ್ತ ಕೊಡಾಕ ಬರೂದಿಲ್ಲ, ಕಾಯ್ದೆ ಐತ್ರಿ."

"ರೊಕ್ಕಾ ಕೊಡಾಂವ ನಾ! ಬ್ಯಾಡ ಅನ್ನಾಕ ನೀ ಯಾರ್ಲೇ?"

ನಾನು ಮೇಜಿನ ಮೇಲಿನ ಕೀಲಿಯನ್ನೂ ತೆಗೆದುಕೊಂಡೆ. ನನ್ನ ಹಿಂದಿನ ಏಳು ತಲೆಮಾರನ್ನೂ ಜಾಲಾಡಿಸಿದರು. ಮಜ್ಜಿಗೆ ಕುಡಿಸಿ ಬನಹಟ್ಟಿ ಬಸ್ಸು ಹತ್ತಿಸಿದೆ. ಮರುದಿನ ಬಂದವರು ನನ್ನ ಮುಖ ನೋಡದೆ ಕೀಲಿ ಇಸಿದುಕೊಂಡು ಹೋದರು.

ಹೆಣ್ಣು ನೋಡಲು ಹೋದ ದಿನ ಬನಹಟ್ಟಿಗೆ ಅಂಟಿಕೊಂಡ ರಬಕವಿಯ ಆ ಮನೆಯ ಬಾಗಿಲಲ್ಲಿ ನಮ್ಮ ಕಾಲಿಗೆ ನೀರು ಹಿಡಿದು ನಿಂತಿದ್ದವರು ಆ ಹಿರಿಯರೇ! ಹುಡುಗಿಯ ಅಪ್ಪ. ನನ್ನನ್ನು ಕಂಡು ಚೊಂಬಿನ ನೀರೆಲ್ಲ ತಮ್ಮ ಧೋತರದ ಮೇಲೆಯೇ ಚೆಲ್ಲಿಕೊಂಡರು. ನಾನು ಕಂಡೂ ಕಾಣದವನಂತೆ ಒಳಗೆ ಹೋಗಿ ಕುಳಿತೆ. ಒಳಗೊಳಗೆ ಮಾತ್ರ, ಇದೂ ಮುಗಿಯಿತು ಅಂದುಕೊಂಡೆ.

ಚೂಡಾ ಆಯಿತು, ಚಹಾ ಆಯಿತು. ಹುಡುಗಿಯ ಅವ್ವ ನೇರ ಮಾತಿನವರು.

"ಸಿಟ್ಟಾಗಬ್ಯಾಡ್ರಿ. ಈ ಮನ್ಯಾಗ ಕುಡದು ಹಾಳಾದಾಂವ ನಮ್ಮ ಮೈದುನ. ಮಂದಿಗೆ ಸೆರೆ ಕೊಡಾಂವಗ ಮಗಳನ್ನ ಹೆಂಗ ಕೊಡ್ಲಿ?"

"ಕೇಳಿದವರಿಗೆಲ್ಲಾ ಕೊಡೂದಿಲ್ರಿ," ಎಂದೆ. "ಸಣ್ಣ ಹುಡುಗರಿಗಿಲ್ಲ. ಏರಿದವರಿಗಿಲ್ಲ. ಗಾಡಿ ಕೀಲಿನೂ ಇಸ್ಕೋತೀವಿ."

"ಬಾಯಿಲೆ ಹೇಳಾಕೇನ್ರಿ. ಯಾರ ನೋಡ್ಯಾರ?"

ಅತ್ತೆ ನನ್ನ ತೊಡೆ ಚಿವುಟಿದಳು, ಏನಾದರೂ ಹೇಳು ಅಂತ. ನೋಡಿದವರು ಕಂಬಕ್ಕೆ ಒರಗಿ, ನೆಲ ನೋಡುತ್ತ ಕುಳಿತಿದ್ದರು. ಒಂದೇ ಮಾತು ಸಾಕಿತ್ತು. ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಬಾರಿನಲ್ಲಿ ಕಂಡದ್ದನ್ನು ಮನೆಯಲ್ಲಿ ಹೇಳುವವನು ನಾನಲ್ಲ. ಹುಡುಗಿ ಒಳಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಕಪ್ಪು ಕೆಳಗಿಟ್ಟು, "ಬರ್ತೀವ್ರಿ," ಎಂದು ಎದ್ದೆ.

"ನಾ ನೋಡೇನಿ," ಎಂದರು ಕಂಬದ ಬಳಿಯಿಂದ ಹುಡುಗಿಯ ಅಪ್ಪ.

"ನೀವು? ಎಲ್ಲೆ?" ಅವ್ವ ತಿರುಗಿದರು.

ಅವರು ಜೇಬಿನಿಂದ ಲಾಳಿ ಕಟ್ಟಿದ ಕೀಲಿ ತೆಗೆದು ಜಮಖಾನೆಯ ಮೇಲಿಟ್ಟರು. "ನಂದೂ ಇಸ್ಕೊಂಡಿದ್ದ. ಕೈಮುಗದು ಕೇಳಿದ್ರೂ ಕೊಡಲಿಲ್ಲ."

ಕೈಮುಗಿದದ್ದು ಅಪ್ಪಟ ಸುಳ್ಳು. ಏಳು ತಲೆಮಾರಿನ ಸಂಗತಿ ನಾನಂತೂ ತೆಗೆಯಲಿಲ್ಲ. ಅವ್ವ ಗಂಡನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಗ್ಗಿ ಕೀಲಿಯನ್ನೆತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಕುಂದರ್ರಿ," ಎಂದು ನನಗೆ ಹೇಳಿ, ಒಳಗೆ ಕೂಗಿದರು: "ಸಕ್ಕರಿ ತಾರವ್ವಾ, ಬಾಯಿ ಸಿಹಿ ಮಾಡೂಣು."