ನಾನ್ಕೌರಿಯಲ್ಲಿ ನಮ್ಮ ಕ್ಯಾಪ್ಟನ್

ಲಸಿಕೆಯ ಪೆಟ್ಟಿಗೆ ಇಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದೆ. ಒಂದು ಮಗುವೂ ಬರಲಿಲ್ಲ. ಎದುರಿನ ತೆಂಗಿನ ಮರಗಳ ಕೆಳಗೆ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ನನ್ನನ್ನೇ ನೋಡುತ್ತಿದ್ದರು. ಕರೆದರೆ ನಗುತ್ತಿದ್ದರು, ಹೆಜ್ಜೆ ಮಾತ್ರ ಕದಲಿಸುತ್ತಿರಲಿಲ್ಲ. ಕೊನೆಗೆ ಒಬ್ಬಳು ಹಿಂದಿಯಲ್ಲಿ, “ಕ್ಯಾಪ್ಟನ್‌ಗೆ ಹೇಳಿದ್ರಾ?” ಎಂದಳು. ನಾನು ಸಮುದ್ರದ ಕಡೆ ತಿರುಗಿ ಹಡಗು ಹುಡುಕಿದೆ.

ನಿಕೋಬಾರಿನಲ್ಲಿ ಕ್ಯಾಪ್ಟನ್ ಎಂದರೆ ಊರಿನ ಮುಖ್ಯಸ್ಥರು. ಈ ಹಳ್ಳಿಯ ಕ್ಯಾಪ್ಟನ್ ರೇಚಲ್, ಅರವತ್ತು ದಾಟಿದ ಹೆಂಗಸು. ಹಂದಿಗಳಿಗೆ ತೆಂಗಿನಕಾಯಿ ಒಡೆದು ಹಾಕುತ್ತಿದ್ದ ಅವರ ಮುಂದೆ ನಿಂತು ತಪ್ಪಾಯಿತು ಎಂದೆ. ಕೈ ತೊಳೆದು ಬಂದವರೇ ತಮ್ಮ ಮೊಮ್ಮಗಳನ್ನು ಮೊದಲು ಸೂಜಿಗೆ ಕೂರಿಸಿದರು. ಸಂಜೆಯೊಳಗೆ ಪೆಟ್ಟಿಗೆ ಖಾಲಿ.

ನಾನು ಇಲ್ಲಿಯವರಿಗೆ ನರ್ಸ್ ದೀದಿ. ಊರು ಬಣಕಲ್, ಅಪ್ಪ ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿ. ನಮಗೆ ತಾಲ್ಲೂಕು ಕಚೇರಿಯೆಂದರೆ ಮೂಡಿಗೆರೆ ಬಸ್ಸು, ಜಿಲ್ಲಾ ಕಚೇರಿಯೆಂದರೆ ಚಿಕ್ಕಮಗಳೂರು ಬಸ್ಸು. ಇಲ್ಲಿ ಜಿಲ್ಲೆಗೆ ಜಿಲ್ಲೆಯೇ ನೀರಿನ ಮೇಲೆ ಚೆಲ್ಲಿಕೊಂಡಿದೆ. ನಾನ್ಕೌರಿ ದ್ವೀಪದವರಿಗೆ ತಹಸೀಲು ಕಚೇರಿ, ಆಸ್ಪತ್ರೆ ಎರಡೂ ಎದುರಿನ ಕಮೋರ್ಟಾ ದ್ವೀಪದಲ್ಲಿ. ಜಿಲ್ಲಾ ಕೇಂದ್ರ ಕಾರ್ ನಿಕೋಬಾರ್‌ಗೆ ಹಡಗೇ ಆಗಬೇಕು, ಅದಕ್ಕೆ ಸಮುದ್ರವೂ ಒಪ್ಪಬೇಕು. ಹೊರಗಿನವರು ಕಾಲಿಡಲು ಪಾಸ್ ಬೇಕು. ಆ ಕಾಗದ ಕೈಗೆ ಬಂದ ದಿನ ಬೇರೆ ದೇಶಕ್ಕೇ ಹೊರಟಂತೆ ಅನ್ನಿಸಿತ್ತು.

ಮೊದಲ ತಿಂಗಳುಗಳಲ್ಲಿ ಕನ್ನಡ ಕೇಳಲೆಂದೇ ಅಪ್ಪನಿಗೆ ಫೋನ್ ಮಾಡುತ್ತಿದ್ದೆ. ಕೇದಗೆ ಜಾತಿಯ ಹಣ್ಣು ಬೇಯಿಸಿ ಮಾಡುವ ಇಲ್ಲಿನ ಹಳದಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಈಗ ಎರಡನೆಯ ಸಲ ಬಡಿಸಿಕೊಳ್ಳುತ್ತೇನೆ.

ಹಾಗೆ ಉಣ್ಣುವಾಗಲೇ ಒಮ್ಮೆ ರೇಚಲ್ ಕೇಳಿದರು: “ನಿಮ್ಮೂರಿನ ಕ್ಯಾಪ್ಟನ್ ಯಾರು?”

ಪಂಚಾಯ್ತಿ ಅಧ್ಯಕ್ಷರು, ತಹಸೀಲ್ದಾರರು, ಜಿಲ್ಲಾಧಿಕಾರಿ ಎಂದು ಎಣಿಸಿದೆ.

“ಇಷ್ಟೊಂದು ಜನಾನಾ? ಹೆರಿಗೆ ನೋವು ಬಂದರೆ ಯಾರನ್ನು ಕರೀತೀರಿ?”

“ಜೀಪಿರೋ ರುದ್ರಣ್ಣನ್ನ.”

“ಹಾಗಾದರೆ ಅವನೇ ಕ್ಯಾಪ್ಟನ್,” ಎಂದು ತೀರ್ಪು ಕೊಟ್ಟರು.

ಮುಂದಿನ ವಾರ ತುಂಬು ಬಸುರಿ ಮಾರ್ತಾಗೆ ಬೆಳಿಗ್ಗೆಯೇ ರಕ್ತಸ್ರಾವ ಶುರುವಾಯಿತು. ನನ್ನ ಕೈಯಲ್ಲಿ ಆಗುವಂಥದ್ದಲ್ಲ, ಆಸ್ಪತ್ರೆಗೇ ಹೋಗಬೇಕು. ಊರಿನ ಎಂಜಿನ್ ದೋಣಿ ಮೀನಿಗೆ ಹೋಗಿತ್ತು. ರೇಚಲ್ ಒಂದು ಕೂಗು ಹಾಕಿದರು. ಆರು ಗಂಡಸರು ಹೋಡಿಯನ್ನು ನೀರಿಗೆ ನೂಕಿದರು. ಹೋಡಿ ಎಂದರೆ ಪಕ್ಕಕ್ಕೊಂದು ಮರದ ಆಸರೆ ಕಟ್ಟಿದ ಸಪೂರ ದೋಣಿ. ನನಗೆ ಈಜು ಬರುವುದಿಲ್ಲ. ದಡದಲ್ಲೇ ನಿಂತೆ.

“ಹತ್ತು ದೀದಿ,” ಎಂದರು ರೇಚಲ್. ಹತ್ತಿದೆ. ದಾರಿಯುದ್ದಕ್ಕೂ ಮಾರ್ತಾಳ ನಾಡಿ ಹಿಡಿದೇ ಕೂತಿದ್ದೆ, ನೀರು ನೋಡಲಿಲ್ಲ. ಮಧ್ಯಾಹ್ನ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ತಾಯಿಯೂ ಉಳಿದಳು.

ಅಪ್ಪನಿಗೆ ಹೇಳಿದರೆ ಬೈದರು: “ಎಂಥ ಮಾರಾಯ್ತಿ, ಈಜು ಬರ್ದೆ ದೋಣಿ ಹತ್ತಿದ್ಯಾ?”

“ಕ್ಯಾಪ್ಟನ್ ಹತ್ತು ಅಂದ್ರು ಅಪ್ಪ.”

ಮೊನ್ನೆ ರಜೆಗೆ ಬಣಕಲ್‌ಗೆ ಹೋಗಿದ್ದೆ. ಅಲ್ಲಿಗೂ ಇಲ್ಲಿಗೂ ಗಡಿಯಾರ ಒಂದೇ, ಆದರೆ ದ್ವೀಪದಲ್ಲಿ ಐದೂವರೆಗೆಲ್ಲ ಕತ್ತಲು ಕವಿಯುತ್ತದೆ. ಐದು ಗಂಟೆಗೆ ಅಂಗಳದ ಹಗ್ಗದಿಂದ ಬಟ್ಟೆ ಎಳೆಯುತ್ತಿದ್ದೆ. “ಇಷ್ಟು ಬಿಸಿಲಿದೆ, ಯಾಕೆ ತೆಗೀತೀಯೇ?” ಎಂದು ಅಮ್ಮ ನಕ್ಕಳು. ನಾಲ್ಕು ದಿನದಲ್ಲಿ ಆ ಅಭ್ಯಾಸ ತಪ್ಪಿತು.

ದ್ವೀಪಕ್ಕೆ ಮರಳಿದ ಮೊದಲ ಸಂಜೆ ಬಟ್ಟೆ ಹಗ್ಗದ ಮೇಲಿರುವಾಗಲೇ ಕತ್ತಲಾಯಿತು. ನಾನು ತಡಕಾಡಿ ತೆಗೆಯುತ್ತಿದ್ದರೆ ರೇಚಲ್ ತಮ್ಮ ಮೆಟ್ಟಿಲ ಮೇಲಿಂದ ಕೂಗಿದರು:

“ದೀದಿ, ನಿನ್ನ ಸೂರ್ಯ ಇನ್ನೂ ಬಣಕಲ್‌ನಲ್ಲೇ ಇದ್ದಾನಾ?”