ಗಜೇಂದ್ರಗಡದ ಹಾಸಿನ ಕೋಲು

ನರಗುಂದದಿಂದ ರೋಣದ ಬಸ್ಸು ಬೆಳಿಗ್ಗೆ ಏಳೂವರೆಗೆ ಹೊರಟಿತು. ಟಿಕೇಟು ಹದಿನಾಲ್ಕು ರೂಪಾಯಿ. ನನ್ನ ಜೇಬಿನಲ್ಲಿ ಎರಡು ಬಿಳಿ ಹಾಳೆ, ಒಂದು ಪೆನ್ನು. ಎರಡು ಸಾವಿರದ ಎಂಟರ ಚುನಾವಣೆ ಮುಗಿದು ಎರಡು ತಿಂಗಳಾಗಿತ್ತು. ಗೋಡೆಗಳ ಮೇಲೆ ಗೆದ್ದವರೂ ಸೋತವರೂ ಇನ್ನೂ ಕೈಮುಗಿದುಕೊಂಡೇ ಇದ್ದರು.

ರೋಣದಲ್ಲಿ ಇಳಿದು ಗಿರ್ಮಿಟ್, ಮಿರ್ಚಿ ತಿಂದೆ. ಗಜೇಂದ್ರಗಡದ ಬಸ್ಸಿನಲ್ಲಿ ನಿಂತೇ ಹೋಗಬೇಕಾಯಿತು. ನಿಂತದ್ದು ಒಳ್ಳೆಯದೇ ಆಯಿತು. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಂಡೆ.

ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮೆರವಣಿಗೆಗೆ ಯಾರಾದರೂ ಅನುಮತಿ ಕೇಳಿದರೆ ವರದಿ ಬರೆಯುವುದು ನನ್ನ ಕೆಲಸ. ಈ ಚುನಾವಣೆಗಿಂತ ಹಿಂದಿನದು ಮುಗಿದ ಮೇಲೆ ಗಜೇಂದ್ರಗಡದ ನೇಕಾರರು ನೂಲಿನ ಬೆಲೆ ಇಳಿಸಬೇಕೆಂದು ಮೆರವಣಿಗೆಗೆ ಅರ್ಜಿ ಹಾಕಿದರು. ಅವರ ಓಣಿ ಗೆದ್ದವರಿಗೆ ಮತ ಹಾಕಿರಲಿಲ್ಲ. ಗೆದ್ದವರ ಕಡೆಯಿಂದ ನಮ್ಮ ಸಾಹೇಬರಿಗೆ ಫೋನ್ ಬಂತು. "ಅನುಮತಿ ಬೇಡ ಅನ್ನಲಿಕ್ಕೆ ಏನಾದರೂ ಕಾರಣ ಬರಿ" ಎಂದು ಸಾಹೇಬರು ನನಗೆ ಹೇಳಿದರು. ತನಿಖೆಗೆ ಹೋದಾಗ ಬೀದಿಯುದ್ದಕ್ಕೂ ಸೀರೆಯ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳನ್ನು, ಎಳೆದು ಕಟ್ಟಿದ್ದರು. ಎಳೆ ಬಿಡಿಸುವ ಬಿದಿರು ಕೋಲು ಹಿಡಿದುಕೊಂಡೇ ನನ್ನನ್ನು ಕರೆದು ಚಹಾ ಕೊಟ್ಟರು. ಚಹಾ ಕುಡಿದು ಬಂದವನು, 'ಇವರ ಕೈಯಲ್ಲಿ ಬಡಿಗೆಗಳಿದ್ದವು, ಶಾಂತಿಭಂಗವಾದೀತು' ಎಂದು ಬರೆದೆ.

ಈ ಸಲದ ಚುನಾವಣೆ ಹತ್ತಿರ ಬಂದಾಗ ನೇಕಾರರು ಮತ್ತೆ ಅರ್ಜಿ ಹಾಕಿದರು. ಮತ್ತೆ ಫೋನ್ ಬಂತು, "ಬಿಟ್ಟುಬಿಡ್ರಿ" ಎಂದು. ಅದೇ ಕೋಲುಗಳನ್ನು 'ನೇಯ್ಗೆಯ ಸಾಮಾನು' ಎಂದು ಬರೆದೆ; ಸಂಜೆಯೊಳಗೆ ಅನುಮತಿ ಸಿಕ್ಕಿತು. ಈಗ ಮತ ಬಿದ್ದು ಮುಗಿದಿತ್ತು. ಅವರ ಹೊಸ ಅರ್ಜಿಗೆ ಕಚೇರಿಯವರು ನನ್ನ ಹಳೆಯ 'ಬಡಿಗೆ' ವರದಿಯನ್ನೇ ಅಡ್ಡ ಇಡುತ್ತಾರೆಂದು ಕೇಳಿ, ನಿವೃತ್ತನಾಗಿ ಮನೆಯಲ್ಲಿದ್ದ ನಾನು ಹೊರಟಿದ್ದೆ.

ರಾಜೂರ ದಾಟಿ ಗುಡ್ಡ ಕಂಡಿತು. ತಂಪು ಗಾಳಿ, ಮೋಡ. ಇಳಿದು ಓಣಿಗೆ ಹೋದರೆ ಆ ದಿನವೂ ಹಾಸು ಎಳೆದಿದ್ದರು. ಅರ್ಜಿಗೆ ಮೊದಲ ಸಹಿ ಹಾಕಿದ ಶಂಕ್ರವ್ವನನ್ನು ಕಂಡು ಎಲ್ಲ ಹೇಳಿಬಿಟ್ಟೆ.

"ನಮ್ಮ ಚಹಾ ಕುಡದು ಬಡಿಗಿ ಅಂತ ಬರದವರು ನೀವ ಏನ್ರಿ!" ಆಕೆ ಗಟ್ಟಿಯಾಗಿ ನಕ್ಕು, ಕಡ್ಡಿಯಂತಿದ್ದ ಮೈದುನನನ್ನು ಕೂಗಿದಳು. "ಏ ತಿಪ್ಪಣ್ಣ, ಬಾ ಇಲ್ಲೆ! ನಿನ್ನ ಗೂಂಡಾ ಮಾಡಿದ ಸಾಹೇಬ್ರು ಬಂದಾರ."

ತಿಪ್ಪಣ್ಣ ಕೈಮುಗಿದ. "ಭಾಳ ಚಲೋ ಮಾಡೀರ್ರಿ. ಅವತ್ತಿನಿಂದ ನನ್ನ ಹೇಣ್ತಿ ಸೈತ ಒಂಚೂರು ಹೆದರ್ತಾಳ."

"ತಪ್ಪಾತು, ತಾಯಿ" ಎಂದೆ.

ಶಂಕ್ರವ್ವ ನಗು ನಿಲ್ಲಿಸಿದಳು. "ಬಾಯಿಲೆ ಅಂದ್ರ ಮುಗೀತೇನ್ರಿ? ಬರದು ಕೆಡಿಸೀರಿ, ಬರದ ಸರಿ ಮಾಡ್ರಿ."

ಕಟ್ಟೆಯ ಮೇಲೆ ಕೂತು ಬರೆದೆ: ಅವು ಬಡಿಗೆಗಳಲ್ಲ, ಹಾಸಿನ ಕೋಲುಗಳು, ಗೊತ್ತಿದ್ದೂ ಸುಳ್ಳು ಬರೆದೆ. ಸಹಿಯ ಹತ್ತಿರ ಪಿಂಚಣಿ ನೆನಪಾಗಿ ಕೈ ನಿಂತಿತು.

"ಮೊದಲ ಚಹಾ ಕುಡೀರಿ. ಈ ಸಲ ಸಕ್ಕರಿ ಹೆಚ್ಚ ಹಾಕೇನಿ" ಎಂದು ಶಂಕ್ರವ್ವ ಲೋಟ ಮುಂದಿಟ್ಟಳು.

ಕುಡಿದೆ. ಸಹಿ ಮಾಡಿದೆ. ಎರಡನೆಯ ಹಾಳೆಯಲ್ಲಿ ಪ್ರತಿ ಬರೆದು ಅದಕ್ಕೂ ಸಹಿ ಹಾಕಿದೆ. ತಿಪ್ಪಣ್ಣ ಒಂದನ್ನು ಕಚೇರಿಯಲ್ಲಿದ್ದ ಅರ್ಜಿಗೆ ಸೇರಿಸಲು ಜೇಬಿಗಿಟ್ಟ, ಇನ್ನೊಂದನ್ನು ಪೆಟ್ಟಿಗೆಯಲ್ಲಿಟ್ಟ. ನಾನು ಮಂಡಿ ಹಿಡಿದು ಏಳುವುದನ್ನು ನೋಡಿ ಶಂಕ್ರವ್ವ ತುದಿ ಮುರಿದ ಒಂದು ಕೋಲು ಕೊಟ್ಟಳು.

ಸಂಜೆಯ ಬಸ್ಸು ಹತ್ತಿದಾಗ ಕಂಡಕ್ಟರ್ ತಡೆದ. "ಅಜ್ಜಾರ, ಬಡಿಗಿ ಹಿಡಕೊಂಡು ಎಲ್ಲಿಗ್ರಿ?"

"ಬಡಿಗಿ ಅಲ್ಲಪಾ," ಬಸ್ಸಿನವರಿಗೆಲ್ಲ ಕೇಳುವಂತೆ ಹೇಳಿದೆ. "ಹಾಸಿನ ಕೋಲು."